ಕಪ್ಪು ಬಿಯರ್‌ಗೆ ಕಾಳಿನಿಂದ ಸಕ್ಕರೆ ಸಾಲುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಕಲಬುರಗಿಯ ಬ್ರಹ್ಮಪುರದವನು, ಈಗ ಮ್ಯಾಂಚೆಸ್ಟರ್‌ನಲ್ಲಿ ಕೆಲಸ. ಅಲ್ಲಿ ಮನೆಯಲ್ಲೇ ಸ್ಟೌಟ್ ಅನ್ನೋ ಕಪ್ಪು ಬಿಯರ್ ಮಾಡುತ್ತೇನೆ. 4.2 ಕೆ.ಜಿ. ಮಾಮೂಲಿ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), 400 ಗ್ರಾಂ ಕ್ಯಾರಮೆಲ್ ಮಾಲ್ಟ್, 400 ಗ್ರಾಂ ಕಪ್ಪಗೆ ಹುರಿದ ಬಾರ್ಲಿ ಹಾಕಿ 20 ಲೀಟರ್ ರಸ ತೆಗೆದರೆ, ಸಕ್ಕರೆ ಎಷ್ಟು ಇಳಿದಿದೆ ಅಂತ ರಸದ ಸಾಂದ್ರತೆಯಿಂದ ತಿಳಿಸುವ ಹೈಡ್ರೋಮೀಟರ್ 1.044 ತೋರಿಸುತ್ತದೆ (ನೀರಿಗೆ 1.000). 1.055 ಬರಬೇಕಿತ್ತು. ರಜೆಗೆ ಊರಿಗೆ ಬಂದಿದ್ದೇನೆ. ಜೋಳ ಮೊಳಕೆ ಬರಿಸಿ ಹಾಕು, ಸಿಹಿ ಆಗ್ತದ ಅಂತಾಳೆ ಅವ್ವ. ಹಾಕಲಾ?

ಉತ್ತರ: ಅವ್ವನ ಮಾತಿಗೆ ಕೊನೆಗೆ ಬರುತ್ತೇನೆ. ಇಷ್ಟು ಕಾಳಿನಲ್ಲಿರುವ ಸಕ್ಕರೆ ಪೂರ್ತಿ ಇಳಿದರೆ ಸುಮಾರು 1.073 ಬರುತ್ತದೆ. ನಿಮಗೆ ಸಿಕ್ಕಿದ್ದು 73ರಲ್ಲಿ 44, ಅಂದರೆ ನೂರಕ್ಕೆ 60. ಮನೆಯಲ್ಲೂ 75 ಸಿಗಬೇಕು. ಅಂದರೆ ಸಕ್ಕರೆ ಕಾಳಿನಲ್ಲೇ ಉಳಿದುಬಿಡುತ್ತಿದೆ, ಹೊಸದಾಗಿ ಕಾಳು ಸೇರಿಸುವ ಅಗತ್ಯ ಇಲ್ಲ.

ಕಾಳು ಹೇಗೆ ಒಡೆಯುತ್ತೀರಿ ಅಂತ ನೀವು ಬರೆದಿಲ್ಲ, ನನ್ನ ಮೊದಲ ಅನುಮಾನ ಅಲ್ಲೇ. ಅಂಗಡಿಯಲ್ಲಿ ಒಡೆಸಿ ತಂದ ಮಾಲ್ಟ್ ಎಷ್ಟೋ ಸಲ ದಪ್ಪ ಇರುತ್ತದೆ. ಒಂದು ಹಿಡಿ ಅಂಗೈಗೆ ಸುರಿದುಕೊಂಡು ಬೆಳಕಿಗೆ ಹಿಡಿದು ನೋಡಿ. ಇಡೀ ಕಾಳು ಕಾಣಬಾರದು. ಒಳಗಿನ ಬಿಳಿ ಭಾಗ ಮೂರ್ನಾಲ್ಕು ಚೂರಾಗಿರಬೇಕು, ಹೊಟ್ಟು ಮಾತ್ರ ಪುಡಿಯಾಗದೆ ಬಿಡಿಸಿಕೊಂಡಿರಬೇಕು. ನಮ್ಮ ಜೋಳದ ನುಚ್ಚು ಇರುತ್ತಲ್ಲ, ಆ ಹದ. ರೊಟ್ಟಿ ಹಿಟ್ಟಿನಷ್ಟು ನುಣ್ಣಗಾದರೆ ರಸ ಇಳಿಯುವುದೇ ಇಲ್ಲ, ಯಾಕೆಂದರೆ ಇಲ್ಲಿ ಹೊಟ್ಟೇ ಜರಡಿ ಅಲ್ವಾ.

ಆಮೇಲೆ ಬಿಸಿ. ಕಾಳು ನೆನೆಯುವಾಗ 66-67 ಡಿಗ್ರಿ ಇರಲಿ, ಗಂಟೆಯಲ್ಲಿ ಎರಡು ಮೂರು ಸಲ ತಳದಿಂದ ಕೈಯಾಡಿಸಿ, ಒಣ ಹಿಟ್ಟಿನ ಗಂಟು ಉಳಿಯಬಾರದು. ಗಂಟೆ ಆದ ಮೇಲೆ ಬಿಳಿ ತಟ್ಟೆಗೆ ಒಂದೇ ಹನಿ ರಸ ಬಿಡಿ, ಹೊಟ್ಟಿನ ಚೂರು ಬರದಂತೆ. ಪಕ್ಕದಲ್ಲಿ ಒಂದು ಹನಿ ಟಿಂಚರ್ ಅಯೋಡಿನ್ ಬಿಟ್ಟು ಎರಡನ್ನೂ ಸೇರಿಸಿ. ಅಂಚು ನೀಲಿ-ಕಪ್ಪಾದರೆ ಪಿಷ್ಟ ಇನ್ನೂ ಸಕ್ಕರೆ ಆಗಿಲ್ಲ, ಮತ್ತೆ ಅರ್ಧ ಗಂಟೆ ಬಿಡಿ. ರಸವೇ ಕಪ್ಪಾದರೆ ಈ ಬಣ್ಣ ಗೊತ್ತಾಗುವುದಿಲ್ಲ. ಅದಕ್ಕೇ ಹುರಿದ ಬಾರ್ಲಿಯನ್ನು ಮೊದಲೇ ಹಾಕಬೇಡಿ, ಈ ಪರೀಕ್ಷೆ ಮುಗಿಸಿ ಕೊನೆಯ 15 ನಿಮಿಷಕ್ಕೆ ಹಾಕಿ. ಅದರಲ್ಲಿ ಪಿಷ್ಟವನ್ನು ಸಕ್ಕರೆ ಮಾಡುವ ಕಿಣ್ವ ಉಳಿದಿರುವುದಿಲ್ಲ, ಬಣ್ಣ ಮತ್ತು ರುಚಿಗೆ ಅಷ್ಟು ಹೊತ್ತು ಸಾಕು.

ಹಾಗೆ ಮಾಡಿದರೆ ನೀರಿನ ತೊಂದರೆಯೂ ತಪ್ಪುತ್ತದೆ. ಶಹಾಬಾದ್, ಸೇಡಂ ಕಡೆ ನೆಲದಡಿ ಸುಣ್ಣಕಲ್ಲು, ಬೋರ್ ನೀರು ಕಾಯಿಸಿದ ಪಾತ್ರೆಗೆ ಬಿಳಿ ಪದರ ಕಟ್ಟುವುದು ನೀವೂ ನೋಡಿರುತ್ತೀರಿ. ಹುರಿದ ಬಾರ್ಲಿಯ ಹುಳಿಯನ್ನು ಅಂಥ ನೀರು ತಡೆದುಕೊಳ್ಳುತ್ತದೆ. ಲಂಡನ್, ಡಬ್ಲಿನ್‌ನಲ್ಲಿ ಕಪ್ಪು ಬಿಯರ್ ಕುದುರಿದ್ದಕ್ಕೆ ಗಡಸು ನೀರೂ ಒಂದು ಕಾರಣ. ಮ್ಯಾಂಚೆಸ್ಟರ್ ನೀರು ಬಹಳ ಮೆದು, ಹುಳಿ ಬೇಗ ಏರುತ್ತದೆ. ಹುಳಿಯ ಅಳತೆಯಾದ ಪಿಎಚ್ 5.3ರಿಂದ 5.5ರೊಳಗೆ ಇದ್ದರೆ ಕಿಣ್ವ ಚೆನ್ನಾಗಿ ಕೆಲಸ ಮಾಡುತ್ತದೆ.

ರಸ ಇಳಿಸಿದ ಮೇಲೆ 75 ಡಿಗ್ರಿ ನೀರಿನಿಂದ ಕಾಳನ್ನು ಎರಡು ಸಲ ತೊಳೆಯಿರಿ, ಅವಸರ ಬೇಡ. ಜಾಸ್ತಿ ಬಿಸಿಯಾದರೆ ಹೊಟ್ಟಿನ ಒಗರು ಇಳಿಯುತ್ತದೆ. ಹೈಡ್ರೋಮೀಟರ್‌ಗೆ ರಸ ಆರಿರಬೇಕು. ಬಿಸಿ ರಸದಲ್ಲಿ ಅಂಕಿ ಕಡಿಮೆಯೇ ತೋರಿಸುತ್ತದೆ.

ಇನ್ನು ಅವ್ವನ ಜೋಳ. ಮೊಳಕೆ ಜೋಳ ಸಿಹಿ ಕೊಡುವುದು ನಿಜ, ಆದರೆ ಅದರ ಪಿಷ್ಟ ಅರಳಲು 70 ಡಿಗ್ರಿ ದಾಟಬೇಕು, ಬಾರ್ಲಿಯ ಬಿಸಿ ಸಾಲದು. ಸುಮ್ನೆ ಬೆರೆಸಿದರೆ ಅದರ ಸಕ್ಕರೆ ನಿಮಗೆ ಹೆಚ್ಚು ಸಿಗುವುದಿಲ್ಲ. ಹಾಕಲೇಬೇಕಾದರೆ ಬೇರೆ ಪಾತ್ರೆಯಲ್ಲಿ ಗಂಜಿಯಂತೆ ಬೇಯಿಸಿ, 67 ಡಿಗ್ರಿಗೆ ಆರಿಸಿ ಸೇರಿಸಿ. ಬೇಯಿಸುವ ಮೊದಲು, ಮೊಳಕೆ ಬಂದ ಜೋಳ ಒಣಗಿದ ಮೇಲೆ ಮೊಳಕೆ, ಬೇರು ಎರಡನ್ನೂ ಉಜ್ಜಿ ತೆಗೆಯುವುದನ್ನು ಮರೆಯಬೇಡಿ, ಜೋಳದ ಮೊಳಕೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ಇದೆಲ್ಲ ಅಲ್ಲಿಗೆ ಹೋದ ಮೇಲೆ. ಇಲ್ಲಿ ಅಬಕಾರಿ ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ.

ಎಲ್ಲ ಒಟ್ಟಿಗೆ ಬದಲಿಸಿದರೆ ತಪ್ಪು ಎಲ್ಲಿತ್ತು ಅಂತ ಗೊತ್ತಾಗುವುದಿಲ್ಲ, ಅದಕ್ಕೇ ಮುಂದಿನ ಸಲ ಕಾಳು ಒಡೆಯುವುದನ್ನು ಮಾತ್ರ ಬದಲಿಸಿ, ಉಳಿದದ್ದು ಸದ್ಯಕ್ಕೆ ಹಾಗೇ ಇರಲಿ. ಹೈಡ್ರೋಮೀಟರ್ ಎಷ್ಟು ತೋರಿಸಿತು ಅಂತ ಬರೆಯಿರಿ, ಕಾಯುತ್ತಿರುತ್ತೇನೆ.