ಗಡಿ ಊರಿನ ತಳವಾರನ ಪಾತ್ರ: ಕೋಳ ಯಾರಿಗೆ ಹಾಕಬೇಕು?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಡಿ ಅಂಡ್ ಡಿಯಲ್ಲಿ (ಡಂಜನ್ಸ್ ಅಂಡ್ ಡ್ರ್ಯಾಗನ್ಸ್, ಪಾತ್ರ ಕಟ್ಟಿಕೊಂಡು ಡೈಸ್ ಹಾಕಿ ಕಥೆ ಆಡುವ ಟೇಬಲ್ ಆಟ) ರಾಜಧಾನಿಯಿಂದ ಬಹಳ ದೂರದ ಒಂದು ಊರಿನ ಕಾನೂನು ಕಾಯುವವನ ಪಾತ್ರ ಮಾಡಿಕೊಂಡಿದ್ದೀರಿ. ಮೂರೇ ಸೆಷನ್ನಿಗೆ ಜೊತೆಯವರು "ಪೊಲೀಸಪ್ಪ ಬಂದ" ಎಂದು ರೇಗಿಸಲು ಶುರು ಮಾಡಿದ್ದಾರೆ. ಪಾತ್ರ ಬಿಡಬೇಕಾ, ಆಡುವ ರೀತಿ ಬದಲಿಸಬೇಕಾ ಎಂದು ಕೇಳಿದ್ದೀರಿ.

ಪಾತ್ರ ಬಿಡಬೇಡಿ. ನಾನೂ ಇದೇ ಹಳ್ಳಕ್ಕೆ ಬಿದ್ದು ಎದ್ದವನು.

ಬೆಂಗಳೂರಿನಲ್ಲಿ ಗೆಳೆಯನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಐದು ಜನ ಸೇರಿ ಆಡುತ್ತಿದ್ದೆವು. ನಾನು ಪ್ಯಾಲಡಿನ್, ಅಂದರೆ ಪ್ರತಿಜ್ಞೆ ತೊಟ್ಟ ಯೋಧ. ಆಟ ಹೊಸದಾಗಿ ಕಲಿಯುವವರಿಗೆ ಬಂದ 2014ರ ಸ್ಟಾರ್ಟರ್ ಸೆಟ್‌ನಲ್ಲಿ ಬರುವ ಫ್ಯಾಂಡಲಿನ್ ಎಂಬ ಗಡಿ ಊರು. ಎರಡನೇ ಸೆಷನ್‌ನಲ್ಲಿ ನಮ್ಮದೇ ಗುಂಪಿನ ರೋಗ್, ಅಂದರೆ ಕಳ್ಳನ ಪಾತ್ರದವನು, ಒಬ್ಬ ಅಂಗಡಿಯವನ ಹಣದ ಚೀಲ ಎಗರಿಸಿದ. ನಾನು ಎದ್ದು ನಿಂತು "ಕಾನೂನಿನ ಹೆಸರಿನಲ್ಲಿ" ಎಂದು ಅವನಿಗೇ ಕೋಳ ಹಾಕಿದೆ. ಮುಕ್ಕಾಲು ಗಂಟೆ ಜಗಳ. ಬಜ್ಜಿ ತಣ್ಣಗಾಯಿತು. ಕೊನೆಗೆ ಅವನು ಕೋಳದ ಬೀಗ ಬಿಚ್ಚುತ್ತೇನೆ ಎಂದ. ಅದಕ್ಕೆ ಡೈಸ್ ಉರುಳಿಸಿ 15 ಬರಬೇಕಿತ್ತು, ಅವನಿಗೆ ಬಿದ್ದದ್ದು 19. ಅವನ ಬೀಗ ತೆಗೆಯುವ ಸಾಮಾನು ಕಿತ್ತುಕೊಳ್ಳುವುದನ್ನೇ ನಾನು ಮರೆತಿದ್ದೆ! ಮುಂದಿನ ವಾರ ಅವನಿಗೆ "ಮನೆಯಲ್ಲಿ ಕೆಲಸ" ಇತ್ತು.

ತಪ್ಪು ಎಲ್ಲಾಯಿತು ಎಂದು ಆಮೇಲೆ ಹೊಳೆಯಿತು. ಕೆಂಪು ಮೇಲಂಗಿ ಹಾಕಿಕೊಂಡ ರೆಡ್‌ಬ್ರ್ಯಾಂಡ್ ಎಂಬ ಪುಂಡರ ಗುಂಪು ಇಡೀ ಊರನ್ನೇ ಹೆದರಿಸಿ ಇಟ್ಟಿತ್ತು. ನಾನು ಮಾತ್ರ ಚಿಲ್ಲರೆ ಚೀಲದ ಹಿಂದೆ ಬಿದ್ದಿದ್ದೆ. ಫ್ಯಾಂಡಲಿನ್‌ನಲ್ಲಿ ಸರಿಯಾದ ಆಡಳಿತವೇ ಇಲ್ಲ. ವರ್ಷಕ್ಕೊಮ್ಮೆ ಊರಿನವರು ಒಬ್ಬ ಯಜಮಾನನನ್ನು ಆರಿಸುತ್ತಾರೆ. ಸಣ್ಣಪುಟ್ಟ ವ್ಯಾಜ್ಯ ಅವನೇ ತೀರಿಸಬೇಕು, ದಾಖಲೆ ಅವನೇ ಇಡಬೇಕು. ಈಗಿನ ಯಜಮಾನ ಪುಂಡರಿಗೆ ಹೆದರಿ, ಅವರಿಂದ ಅಂಥ ತೊಂದರೆ ಏನಿಲ್ಲ ಎಂದು ಹೇಳಿಕೊಂಡು ಓಡಾಡುವವನು. ನಿಮ್ಮ ಪಾತ್ರಕ್ಕೆ ಇದಕ್ಕಿಂತ ಒಳ್ಳೆ ಜಾಗ ಬೇಕಾ? ಗಡಿಯಲ್ಲಿ ಕಾನೂನು ದೂರ ಇರುತ್ತದೆ, ಕೋರ್ಟ್ ಇನ್ನೂ ದೂರ. ಯಾವುದನ್ನು ಹಿಡಿಯಬೇಕು, ಯಾವುದನ್ನು ಕಂಡೂ ಕಾಣದ ಹಾಗೆ ಬಿಡಬೇಕು ಎಂದು ನೀವೊಬ್ಬರೇ ತೀರ್ಮಾನಿಸಬೇಕು. ಈ ಪಾತ್ರದ ರುಚಿ ಇರುವುದೇ ಅಲ್ಲಿ. ನಿಯಮದ ಪುಸ್ತಕ ಓದಿ ಹೇಳುವವನು ಯಾರಿಗೆ ಬೇಕು?

ನನಗೆ ದಾರಿ ತೋರಿಸಿದ್ದು ಆಟದ ಪುಸ್ತಕ ಅಲ್ಲ, ಬಾಸ್ ರೀವ್ಸ್ ಎಂಬ ನಿಜವಾದ ಮನುಷ್ಯ. ಗುಲಾಮನಾಗಿ ಹುಟ್ಟಿದವನು. 1875ರಲ್ಲಿ ಅಮೆರಿಕದ ಡೆಪ್ಯುಟಿ ಮಾರ್ಷಲ್ ಆದ. ಅರ್ಕನ್ಸಾದ ಫೋರ್ಟ್ ಸ್ಮಿತ್‌ನಲ್ಲಿ ಕೋರ್ಟ್ ಇತ್ತು, ಅವನು ಹುಡುಕಿಕೊಂಡು ಹೋಗಬೇಕಿದ್ದದ್ದು ಈಗಿನ ಒಕ್ಲಹೋಮದ ಕಾಡುಮೇಡಿನಲ್ಲಿ. ಓದು ಬರಹ ಬರುತ್ತಿರಲಿಲ್ಲ. ವಾರಂಟುಗಳನ್ನು ಬೇರೆಯವರಿಂದ ಓದಿಸಿಕೊಂಡು, ಯಾವ ಕಾಗದದಲ್ಲಿ ಯಾರ ಹೆಸರಿದೆ ಎಂದು ಬಾಯಿಪಾಠ ಮಾಡಿಕೊಂಡು ಹೊರಡುತ್ತಿದ್ದ. ಜೊತೆಗೆ ಒಂದು ಗಾಡಿ, ಒಬ್ಬ ಅಡುಗೆಯವನು, ಒಬ್ಬ ಸಹಾಯಕ. ಆ ಕಾಲದ ಡೆಪ್ಯುಟಿಗಳಿಗೆ ಹಣ ಬರುತ್ತಿದ್ದದ್ದು ಹೋದ ಮೈಲಿ ಮತ್ತು ಹಿಡಿದು ತಂದ ಕೈದಿಗಳ ಲೆಕ್ಕದಲ್ಲಿ. ಕೈದಿ ಸತ್ತರೆ ದುಡಿದದ್ದೆಲ್ಲ ನೀರಿನಲ್ಲಿ ಹೋಮ. ಕೊನೆಗೆ, ತನ್ನ ಹೆಂಡತಿಯನ್ನೇ ಕೊಂದ ಸ್ವಂತ ಮಗನನ್ನೂ ಇವನೇ ಹಿಡಿದು ತಂದ.

ಈಗ ಇದನ್ನು ನಿಮ್ಮ ಟೇಬಲ್ಲಿಗೆ ತನ್ನಿ. "ನಾನು ನ್ಯಾಯದ ಪರ" ಎಂಬ ದೊಡ್ಡ ಮಾತು ಬಿಟ್ಟುಬಿಡಿ. ಜೇಬಿನಲ್ಲಿ ಮೂರು ವಾರಂಟ್ ಇಟ್ಟುಕೊಳ್ಳಿ, ಮೂರು ಹೆಸರು. ಹೆಸರುಗಳನ್ನು ಡಿಎಮ್ (ಆಟ ನಡೆಸಿ ಕಥೆ ಹೇಳುವವರು) ಕೊಡಲಿ. ಅದರಲ್ಲಿ ಒಬ್ಬರು ನಿಮಗೆ ಬೇಕಾದವರೇ ಆಗಿದ್ದರೆ ಇನ್ನೂ ಒಳ್ಳೆಯದು. ವಾರಂಟಿನಲ್ಲಿ ಇಲ್ಲದ ಕಳ್ಳತನ ನಿಮ್ಮ ಕೆಲಸ ಅಲ್ಲ. ನಿಮ್ಮ ರೋಗ್ ಅರ್ಧ ನೆಮ್ಮದಿಯಾಗಿ ಉಸಿರಾಡುತ್ತಾನೆ.

ಆಮೇಲೆ ಜೀವಂತ ಹಿಡಿಯುವ ಹಟ. 2014ರ ನಿಯಮದಲ್ಲಿ, ಹತ್ತಿರದಿಂದ ಹೊಡೆದ ಏಟಿಗೆ ಎದುರಾಳಿಯ ಹಿಟ್ ಪಾಯಿಂಟ್, ಅಂದರೆ ಉಳಿದಿರುವ ಜೀವಬಲ, ಸೊನ್ನೆಯಾದರೆ, ಕೊಲ್ಲದೆ ಪ್ರಜ್ಞೆ ತಪ್ಪಿಸುತ್ತೇನೆ ಎಂದು ಆ ಏಟು ಹಾಕಿದವರು ಹೇಳಬಹುದು. ಬಾಣಕ್ಕೆ ಈ ಸೌಲಭ್ಯ ಇಲ್ಲ, ಬೆಂಕಿಯುಂಡೆ ಎಸೆಯುವ ಮಂತ್ರವಾದ ಫೈರ್‌ಬಾಲ್‌ಗಂತೂ ಇಲ್ಲವೇ ಇಲ್ಲ. ಅಂದರೆ ಕೊನೆಯ ಏಟು ನಿಮ್ಮದೇ ಆಗಬೇಕು. "ಅವನನ್ನು ನನಗೆ ಬಿಡಿ" ಎಂದು ನೀವು ಕೂಗಬೇಕು, ಗುಂಪಿನ ಮಂತ್ರವಾದಿ ವಿಝಾರ್ಡ್ ಹಲ್ಲು ಕಡಿಯಬೇಕು. ಹೀಗೆ ಪ್ರತಿ ಹೊಡೆದಾಟದಲ್ಲೂ ಒಂದು ಚಿಕ್ಕ ನಾಟಕ ಪುಕ್ಕಟೆ ಸಿಗುತ್ತದೆ. ಕೋಳಕ್ಕೆ ಎರಡು ಚಿನ್ನದ ನಾಣ್ಯ. ಬೀಗ ತೆಗೆಯದೆ ಅದರಿಂದ ನುಣುಚಿಕೊಳ್ಳಲು 20 ಬೇಕು. ನಾಲ್ಕು ಜೊತೆ ಕೊಂಡಿಟ್ಟುಕೊಳ್ಳಿ. ಸಾಮಾನು ತಪಾಸಣೆ ಮರೆಯಬೇಡಿ, ನನ್ನ ಹಾಗೆ.

ಪ್ಯಾಲಡಿನ್ನೇ ಆಗಬೇಕು ಎಂದೇನಿಲ್ಲ. ರೇಂಜರ್ ಚೆನ್ನಾಗಿ ಹೊಂದುತ್ತದೆ, ಜಾಡು ಹಿಡಿಯುವ ಕೆಲಸ ಅಲ್ವಾ. ನನಗೆ ಜಾಸ್ತಿ ಇಷ್ಟವಾದದ್ದು ರೋಗ್‌ನಲ್ಲಿ ಇನ್‌ಕ್ವಿಸಿಟಿವ್ ಎಂಬ ಬಗೆ. ಮೂರನೇ ಲೆವೆಲ್‌ನಿಂದ ಸುಳ್ಳು ಪತ್ತೆ ಮಾಡುವ ರೋಲ್‌ನಲ್ಲಿ ಡೈಸ್ 7 ಅಥವಾ ಅದಕ್ಕಿಂತ ಕಡಿಮೆ ತೋರಿಸಿದರೂ 8 ಎಂದೇ ಲೆಕ್ಕ. ಪ್ಯಾಲಡಿನ್ ಆಗಿಯೇ ಉಳಿದರೆ ಐದನೇ ಲೆವೆಲ್‌ಗೆ ಝೋನ್ ಆಫ್ ಟ್ರೂತ್ ಎಂಬ, ಸುಳ್ಳು ಹೇಳಲು ಬಿಡದ ಮಂತ್ರ ಸಿಗುತ್ತದೆ. ಎಚ್ಚರ: ಮಂತ್ರಕ್ಕೆ ಸಿಕ್ಕವನಿಗೆ ಅದು ಗೊತ್ತಾಗುತ್ತದೆ. ಅವನು ಸುಳ್ಳು ಹೇಳಲಾರ, ಆದರೆ ಸುಮ್ನೆ ಕೂರಬಹುದು, ಸುತ್ತಿ ಬಳಸಿ ಮಾತಾಡಬಹುದು. ಅದನ್ನು ಯಂತ್ರದ ಹಾಗೆ ಬಳಸಿದರೆ ಎಲ್ಲರಿಗೂ ಬೋರು.

ರೋಗ್ ವಿಷಯ ಮುಗಿದಿಲ್ಲ. ಕೆಲವು ವಾರ ಕಳೆದ ಮೇಲೆ ಅವನನ್ನು ಫೋನ್ ಮಾಡಿ ಕರೆಸಿದೆ. ಆಟದಲ್ಲಿ ಅವನ ಎದೆಗೆ ಒಂದು ಬಿಲ್ಲೆ ಚುಚ್ಚಿ, "ನೀನು ಇನ್ನು ನನ್ನ ಸಹಾಯಕ, ಕಳ್ಳನ ದಾರಿ ಕಳ್ಳನಿಗೇ ಗೊತ್ತು" ಎಂದೆ. ಅವನು ಆ ಬಿಲ್ಲೆಯನ್ನು ಎಲ್ಲೆಲ್ಲಿ ದುರುಪಯೋಗ ಮಾಡಿಕೊಂಡ ಎಂದು ಬರೆದರೆ ಇನ್ನೊಂದು ಉತ್ತರ ಆಗುತ್ತದೆ. ಹೆಂಡದಂಗಡಿಯಲ್ಲಿ ಸಾಲ ಹೇಳುವುದರಿಂದ ಶುರು. ಆದರೆ ಪುಂಡರ ಅಡ್ಡೆಗೆ ಒಳದಾರಿ ಹುಡುಕಿದವನೂ ಅವನೇ.

ನಮ್ಮ ಆಟದ ಅತಿ ಒಳ್ಳೆಯ ಎರಡು ಗಂಟೆ ಯಾವುದು ಗೊತ್ತಾ? ಒಂದು ಏಟೂ ಬೀಳದ ಎರಡು ಗಂಟೆ. ಒಬ್ಬ ಎಳೆಯ ಪುಂಡನನ್ನು ಹಿಡಿದಿದ್ದೆವು. ಊರಿನವರಿಗೆ ಕೊಟ್ಟರೆ ನೇಣು ಹಾಕುತ್ತಾರೆ. ಯಜಮಾನನಿಗೆ ಕೊಟ್ಟರೆ ರಾತ್ರಿಯೇ ಬಿಟ್ಟುಬಿಡುತ್ತಾನೆ. ನೆವರ್‌ವಿಂಟರ್ ನಗರಕ್ಕೆ ಕರೆದೊಯ್ದರೆ ದಿನಗಟ್ಟಲೆ ದಾರಿ, ಅಷ್ಟರಲ್ಲಿ ಉಳಿದವರು ಪರಾರಿ. ಐವರಲ್ಲಿ ಐದು ಅಭಿಪ್ರಾಯ. ಈ ಸಲ ಬಜ್ಜಿ ತಣ್ಣಗಾದದ್ದು ಯಾರ ಗಮನಕ್ಕೂ ಬರಲಿಲ್ಲ. ಏನು ಮಾಡಿದೆವು ಎಂದು ಹೇಳುವುದಿಲ್ಲ, ಆ ಸಾಹಸವನ್ನು ಇನ್ನೂ ಆಡದವರು ಇಲ್ಲಿ ಓದುತ್ತಿರಬಹುದು.

ಹಾಗಾಗಿ ಮುಂದಿನ ಸೆಷನ್‌ಗೆ ಮೊದಲು ಡಿಎಮ್ ಹತ್ತಿರ ಒಂದೇ ಪ್ರಶ್ನೆ ಕೇಳಿ: "ನಾನು ಹಿಡಿದವನನ್ನು ಯಾರ ಮುಂದೆ ನಿಲ್ಲಿಸಬೇಕು?" ಉತ್ತರ ಅವರ ಹತ್ತಿರ ಇಲ್ಲದಿದ್ದರೆ ಇಬ್ಬರೂ ಕೂತು ಮಾಡಿಕೊಳ್ಳಿ. ನಿಮ್ಮ ಗುಂಪಿನ ರೋಗ್ ಯಾವ ಲೆವೆಲ್‌ನಲ್ಲಿದ್ದಾನೆ, ಇದುವರೆಗೆ ಏನೇನು ಕದ್ದಿದ್ದಾನೆ ಎಂದು ಕೆಳಗೆ ಬರೆದರೆ ಬಿಲ್ಲೆ ಕೊಡಬಹುದಾ ಬೇಡವಾ ಎಂದು ನನಗೆ ತೋಚಿದ್ದು ಹೇಳುತ್ತೇನೆ.