ಡಿಷ್‌ಗಳ ತರಂಗಾಂತರಕ್ಕೆ ಹರಾಜು ಏಕಿಲ್ಲ?

ಮಾನ್ಯ ಓದುಗರೇ,

ತೀರ್ಥಹಳ್ಳಿ ಸೀಮೆಯಿಂದ ನೀವು ಬರೆದ ಪತ್ರ ತಲುಪಿದೆ. ಒಂದು ಟವರ್‌ನಿಂದ ಇನ್ನೊಂದಕ್ಕೆ ಮಾತು, ಡೇಟಾ ಸಾಗಿಸುವ ಡಿಷ್‌ಗಳ ತರಂಗಾಂತರವನ್ನು ಸರ್ಕಾರ ಹರಾಜಿಲ್ಲದೆ ಹಂಚುತ್ತದೆ ಎಂದು ಕಳೆದ ಸಂಚಿಕೆಯಲ್ಲಿ ಓದಿ, ಇದು 2ಜಿ ಹಗರಣದ ಬಾಗಿಲನ್ನೇ ಮತ್ತೆ ತೆರೆದಂತಲ್ಲವೇ ಎಂದು ಕೇಳಿದ್ದೀರಿ. ಊರಿನ ಸಣ್ಣ ಇಂಟರ್ನೆಟ್ ಸೇವೆಯವರಿಗೂ ಅದರಲ್ಲಿ ಪಾಲು ಸಿಗಬಹುದೇ ಎಂಬುದು ನಿಮ್ಮ ಎರಡನೆಯ ಪ್ರಶ್ನೆ.

ಮೊದಲು ಕಾನೂನಿನ ಮಾತು. 2012ರ ಫೆಬ್ರುವರಿ 2ರಂದು ಸುಪ್ರೀಂ ಕೋರ್ಟ್, ಹರಾಜಿಲ್ಲದೆ ಮೊದಲು ಬಂದವರಿಗೆ ಮೊದಲು ಎಂದು ಹಂಚಿದ್ದ 122 2ಜಿ ಪರವಾನಗಿಗಳನ್ನು ರದ್ದುಪಡಿಸಿದ್ದು ನಿಮಗೆ ನೆನಪಿದೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, ರಾಷ್ಟ್ರಪತಿಗಳು ಕೇಳಿದ ಪ್ರಶ್ನೆಗೆ ಉತ್ತರವಾಗಿ, ಎಲ್ಲ ನೈಸರ್ಗಿಕ ಸಂಪನ್ಮೂಲಗಳನ್ನೂ ಹರಾಜಿನ ಮೂಲಕವೇ ಕೊಡಬೇಕೆಂದು ಸಂವಿಧಾನ ಕಟ್ಟುಪಾಡು ಹಾಕಿಲ್ಲ ಎಂದು ಅದೇ ನ್ಯಾಯಾಲಯ ಹೇಳಿದ್ದನ್ನು ಹೆಚ್ಚಿನವರು ಗಮನಿಸಲಿಲ್ಲ. 2023ರ ದೂರಸಂಪರ್ಕ ಕಾಯ್ದೆ ಹರಾಜನ್ನೇ ನಿಯಮವಾಗಿಸಿ, ಮೊದಲ ಅನುಸೂಚಿಯಲ್ಲಿರುವ ಬಳಕೆಗಳಿಗೆ ಮಾತ್ರ ಆಡಳಿತಾತ್ಮಕ ಹಂಚಿಕೆಗೆ, ಅಂದರೆ ಹರಾಜಿಲ್ಲದೆ ಸರ್ಕಾರವೇ ನೇರವಾಗಿ ಕೊಡುವುದಕ್ಕೆ, ಅವಕಾಶ ಕೊಟ್ಟಿದೆ. ದೂರಸಂಪರ್ಕ ಸೇವೆಗಳ ರೇಡಿಯೊ ಬ್ಯಾಕ್‌ಹಾಲ್, ಅಂದರೆ ನಿಮ್ಮ ತೋಟದಾಚೆಯ ಟವರ್‌ನ ಡಿಷ್ ಮಾಡುವ ಕೆಲಸ, ಆ ಪಟ್ಟಿಯಲ್ಲಿದೆ.

ಈ ವಿನಾಯಿತಿಗೆ ಕಾರಣ ಆ ಡಿಷ್‌ನ ಸ್ವಭಾವದಲ್ಲೇ ಇದೆ. ಫೋನ್‌ಗಳಿಗೆ ಸೇವೆ ಕೊಡುವ ಆಂಟೆನಾ ಸುತ್ತಲಿನ ಊರಿಗೆಲ್ಲ ಅಲೆ ಹರಡುತ್ತದೆಯಾದ್ದರಿಂದ ಅದೇ ತರಂಗಾಂತರವನ್ನು ಅದೇ ಊರಿನಲ್ಲಿ ಇನ್ನೊಂದು ಕಂಪನಿಗೆ ಕೊಡುವುದು ಕಷ್ಟ. 80 ಗಿಗಾಹರ್ಟ್ಸ್ ಆಸುಪಾಸಿನ ಇ-ಬ್ಯಾಂಡ್ ಎಂಬ ತರಂಗಾಂತರ ಶ್ರೇಣಿಯಲ್ಲಾದರೋ ಒಂದಡಿ ಅಗಲದ ಡಿಷ್‌ನಿಂದ ಹೊರಡುವ ಕಿರಣ ಹೆಚ್ಚುಕಡಿಮೆ ಒಂದು ಡಿಗ್ರಿಯಷ್ಟೇ ಅಗಲವಿದ್ದು, ಎರಡು ಕಿಲೋಮೀಟರ್ ದಾಟಿದ ಮೇಲೂ ಅದರ ಹರವು ಸುಮಾರು 35 ಮೀಟರ್ ಮಾತ್ರ. ಅದೇ ಟವರ್‌ನಿಂದ ಬೇರೆ ದಿಕ್ಕಿಗೆ, ಬೇರೆ ಕಂಪನಿಯ ಡಿಷ್ ಅದೇ ತರಂಗಾಂತರದಲ್ಲಿ ನಿಶ್ಚಿಂತೆಯಿಂದ ಕೆಲಸ ಮಾಡಬಲ್ಲದು. ಇಷ್ಟು ಮಂದಿ ಒಟ್ಟಿಗೆ ಬಳಸಬಹುದಾದದ್ದನ್ನು ಹರಾಜಿಗಿಟ್ಟು ಒಬ್ಬರ ಹೆಸರಿಗೆ ಬರೆದುಕೊಟ್ಟರೆ, ಇಲ್ಲದ ಕೊರತೆಯನ್ನು ಸರ್ಕಾರವೇ ಹುಟ್ಟಿಸಿದಂತಾಗುತ್ತದೆ.

ಆದರೆ ನಿಮ್ಮ ಅನುಮಾನ ಪೂರಾ ನಿರಾಧಾರವೆಂದು ನಾನು ಹೇಳಲಾರೆ. 13ರಿಂದ 21 ಗಿಗಾಹರ್ಟ್ಸ್‌ವರೆಗಿನ ಮೈಕ್ರೋವೇವ್ ಬ್ಯಾಂಡ್‌ಗಳಲ್ಲಿ ಮೊಬೈಲ್ ಕಂಪನಿಗಳಿಗೆ 28 ಮೆಗಾಹರ್ಟ್ಸ್‌ನ ಜೋಡಿ ಕ್ಯಾರಿಯರ್‌ಗಳನ್ನು, ಅಂದರೆ ಹೋಗಲೊಂದು ಬರಲೊಂದು ಎಂಬಂತೆ ತರಂಗಾಂತರದ ತುಂಡುಗಳನ್ನು, ಇಡೀ ಸರ್ಕಲ್‌ಗೆ ಅನ್ವಯವಾಗುವಂತೆ, ಬೇರೆಯವರಿಗೆ ಪಾಲಿಲ್ಲದಂತೆ ಕೊಡುವ ಪದ್ಧತಿ ನಮ್ಮಲ್ಲಿ ಬೆಳೆದುಬಂದಿದೆ. ಸರ್ಕಲ್ ಎಂದರೆ ಬೀದರ್‌ನಿಂದ ಚಾಮರಾಜನಗರದವರೆಗಿನ ಇಡೀ ಕರ್ನಾಟಕ. ಸಾವಿರಾರು ಟವರ್‌ಗಳಿಗೆ ಒಂದೊಂದೇ ಲಿಂಕ್‌ಗೆ, ಅಂದರೆ ಎರಡು ಡಿಷ್‌ಗಳ ನಡುವಿನ ಸಂಪರ್ಕಕ್ಕೆ, ಅನುಮತಿ ಕಾಯುತ್ತ ಕೂರಲಾಗದು ಎಂಬ ಕಂಪನಿಗಳ ವಾದದಲ್ಲಿ ಹುರುಳಿದೆ. ಆದರೂ ಹಂಚಿಕೊಳ್ಳಬಹುದಾದದ್ದನ್ನು ಒಬ್ಬರಿಗೇ ಕಟ್ಟಿಹಾಕುವ ದೋಷ ಹರಾಜಿಲ್ಲದೆಯೂ ಉಳಿದೇ ಇದೆ. ಶುಲ್ಕವನ್ನು ಕಂಪನಿಯ ಆದಾಯದ ಶೇಕಡಾವಾರು ಲೆಕ್ಕದಲ್ಲಿ ವಿಧಿಸುತ್ತ ಬಂದಿರುವುದರಿಂದ, ಕ್ಯಾರಿಯರ್ ಎಷ್ಟು ಊರುಗಳಲ್ಲಿ ಸುಮ್ಮನೆ ಬಿದ್ದಿದೆ ಎಂಬುದು ಬಿಲ್‌ನಲ್ಲಿ ಕಾಣುವುದೇ ಇಲ್ಲ.

ಇದಕ್ಕೆ ಬೇರೆ ದಾರಿ ಇದೆ. ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 2003ರಲ್ಲಿ 70 ಮತ್ತು 80 ಗಿಗಾಹರ್ಟ್ಸ್ ಬ್ಯಾಂಡ್‌ಗಳಿಗೆ ಮಾಡಿದ ನಿಯಮದಂತೆ, ದೇಶವ್ಯಾಪಿ ಪರವಾನಗಿಯನ್ನು ಯಾರಿಗೂ ಏಕಸ್ವಾಮ್ಯವಿಲ್ಲದೆ ಕೊಟ್ಟು, ಪ್ರತಿಯೊಂದು ಲಿಂಕನ್ನೂ ಒಂದು ದತ್ತಾಂಶ ಪಟ್ಟಿಯಲ್ಲಿ ನೋಂದಾಯಿಸಲಾಗುತ್ತದೆ. ಮೊದಲು ನೋಂದಾಯಿತವಾದ ಲಿಂಕ್‌ಗೆ ತೊಂದರೆ ಕೊಡದಂತೆ ನಂತರದವರು ತಮ್ಮದನ್ನು ಹೊಂದಿಸಿಕೊಳ್ಳಬೇಕು. ಮೊದಲು ಬಂದವರಿಗೆ ಆದ್ಯತೆ ಎಂಬುದನ್ನು ಕೇಳಿದೊಡನೆ ನಿಮಗೆ 2ಜಿ ನೆನಪಾಗುವುದು ಸಹಜ. ಇಲ್ಲಿ ಮೊದಲು ಬಂದವರಿಗೆ ಸಿಗುವುದು ಒಂದು ಕಿರಣದ ಹಾದಿ ಮಾತ್ರ, ಸರ್ಕಲ್ ಅಲ್ಲ. ಸರದಿಯೂ ಮಂತ್ರಿಗಳ ಮೇಜಿನಲ್ಲಿರದೆ ಪಟ್ಟಿಯಲ್ಲಿರುತ್ತದೆ. ನನ್ನ ಮಟ್ಟಿಗೆ ನಾವು ಸರ್ಕಾರವನ್ನು ಒತ್ತಾಯಿಸಿ ಕೇಳಬೇಕಾದದ್ದು ಹರಾಜಿಗಿಂತ ಮೊದಲು ಅಂಥ ಬಹಿರಂಗ ಪಟ್ಟಿಯನ್ನು.

ಕೇಳಲು ಇದು ಸೂಕ್ತ ಸಮಯವೂ ಹೌದು. 2022ರ 5ಜಿ ಹರಾಜಿಗೆ ಮುನ್ನ ಕೇಂದ್ರ ಸಂಪುಟ ಇ-ಬ್ಯಾಂಡ್‌ನಲ್ಲಿ ತಲಾ 250 ಮೆಗಾಹರ್ಟ್ಸ್‌ನ ಎರಡು ಕ್ಯಾರಿಯರ್‌ಗಳನ್ನು ತಾತ್ಕಾಲಿಕವಾಗಿ ಕೊಡಲು ಒಪ್ಪಿತ್ತು. 2025ರ ಮೇ ತಿಂಗಳಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ಎಲ್ಲ ಬ್ಯಾಂಡ್‌ಗಳ ಹಂಚಿಕೆ ಮತ್ತು ಬೆಲೆಯ ಬಗ್ಗೆ ಸಮಾಲೋಚನಾ ಪತ್ರ ಹೊರಡಿಸಿತು. ಬೆಲೆಯ ವಿಚಾರದಲ್ಲಿ ನಿಮ್ಮ ಮಲೆನಾಡಿನವರು ತಪ್ಪದೆ ಎತ್ತಬೇಕಾದ ಮಾತೊಂದಿದೆ. ಗಂಟೆಗೆ 100 ಮಿಲಿಮೀಟರ್ ಲೆಕ್ಕದಲ್ಲಿ ಮಳೆ ಸುರಿಯುವಾಗ 80 ಗಿಗಾಹರ್ಟ್ಸ್‌ನ ಸಂಕೇತ ಪ್ರತಿ ಕಿಲೋಮೀಟರ್‌ಗೆ ಸುಮಾರು 30 ಡೆಸಿಬೆಲ್, ಎಂದರೆ ಸಾವಿರದಲ್ಲೊಂದು ಭಾಗಕ್ಕೆ ಕುಗ್ಗುತ್ತದೆ. 7 ಗಿಗಾಹರ್ಟ್ಸ್‌ನಲ್ಲಿ ಈ ನಷ್ಟ ಎರಡು ಡೆಸಿಬೆಲ್‌ನಷ್ಟೂ ಇಲ್ಲ. ಗುಡ್ಡದಿಂದ ಗುಡ್ಡಕ್ಕೆ ಹತ್ತಾರು ಕಿಲೋಮೀಟರ್ ಹಾಯಬೇಕಾದ ಆಗುಂಬೆ ಕಡೆಯ ಲಿಂಕ್‌ಗೆ ಇ-ಬ್ಯಾಂಡ್ ಎಷ್ಟು ಅಗ್ಗವಾದರೂ ಪ್ರಯೋಜನವಿಲ್ಲ. ಅಲ್ಲಿಗೆ 7 ಗಿಗಾಹರ್ಟ್ಸ್‌ನಂಥ ಕೆಳಗಿನ ಬ್ಯಾಂಡ್‌ಗಳೇ ಬೇಕು, ಅವುಗಳ ದರ ಕೈಗೆಟುಕುವಂತಿರಬೇಕು.

ಇನ್ನು ನಿಮ್ಮೂರಿನ ಇಂಟರ್ನೆಟ್ ಸೇವೆಯವರ ಮಾತು. ಕಾಯ್ದೆಯ ಸೆಕ್ಷನ್ 7ರ ಪ್ರಕಾರ, ಈಗಾಗಲೇ ಒಬ್ಬರಿಗೆ ಕೊಟ್ಟ ತರಂಗಾಂತರದ ಭಾಗವನ್ನು, ಮೂಲ ಬಳಕೆದಾರರಿಗೆ ಹಾನಿಕರ ಅಡಚಣೆಯಾಗದಂತೆ, ಇತರರಿಗೂ ಕೊಡಲು ಸರ್ಕಾರಕ್ಕೆ ಅಧಿಕಾರವಿದೆ. ಸಕಾರಣವಿಲ್ಲದೆ ಬಳಸದೆ ಬಿಟ್ಟದ್ದನ್ನು ಹಿಂಪಡೆಯಲೂ ಬಹುದು. ಪರವಾನಗಿ ಇರುವ ಸೇವಾದಾರರು ಈ ಸೆಕ್ಷನ್ ಹೆಸರಿಸಿ, ತಮಗೆ ಬೇಕಾದ ಲಿಂಕ್‌ನ ಎರಡು ತುದಿಗಳನ್ನೂ ದಿಕ್ಕನ್ನೂ ನಮೂದಿಸಿ ದೂರಸಂಪರ್ಕ ಇಲಾಖೆಗೆ ಲಿಖಿತವಾಗಿ ಕೇಳಲಿ. ಉತ್ತರ ಬಂದರೆ ನಮಗೂ ಒಂದು ಪ್ರತಿ ಕಳುಹಿಸಿ.

— ಸಂಪಾದಕ