ಪಾರ್ಸೆಲ್ ಬರೋದಿದೆಯಲ್ವಾ, ಅಲ್ಲೇ ಹಿಡೀತಾರೆ

ದಸರೆ ಸೇಲ್ ಮುಗಿದು ದೀಪಾವಳಿ ಸೇಲ್ ಶುರುವಾಗಿದೆ. ಆನ್‌ಲೈನ್ ಮೋಸದ ಬಗ್ಗೆ ಈ ಸಲ ಬಂದ ಪ್ರಶ್ನೆಗಳೂ ಅದರ ಸುತ್ತಲೇ ಇವೆ.

ಪ್ರಶ್ನೆ: ಸೇಲ್‌ನಲ್ಲಿ ಮಿಕ್ಸಿ ಆರ್ಡರ್ ಮಾಡಿದ್ದೆ. ಮಾರನೇ ದಿನ ಒಬ್ಬ ಫೋನ್ ಮಾಡಿ, "ಮೇಡಂ, ನಿಮ್ಮ ಏರಿಯಾದಲ್ಲೇ ಇದ್ದೀನಿ, ಅಡ್ರೆಸ್ ಸಿಗ್ತಿಲ್ಲ, ಮೆಸೇಜ್‌ನಲ್ಲಿ ಕಳ್ಸಿರೋ ನಂಬರ್ ಡಯಲ್ ಮಾಡಿ" ಅಂದ. ಅದು *21* ಅಂತ ಶುರುವಾಗುತ್ತಿತ್ತು. ಅನುಮಾನ ಬಂದು ಬಿಟ್ಟೆ. ಡಯಲ್ ಮಾಡಿದ್ದರೆ?
– ಗೃಹಿಣಿ, ದಾವಣಗೆರೆ

ಉತ್ತರ: ಬಿಟ್ಟಿದ್ದು ಒಳ್ಳೆಯದಾಯಿತು. ಅದು ಕಾಲ್ ಫಾರ್ವರ್ಡ್ ಮಾಡುವ ಕೋಡ್. ಅದರ ಮುಂದೆ ಯಾರ ನಂಬರ್ ಇರುತ್ತದೋ, ನಿಮಗೆ ಬರುವ ಕರೆಗಳೆಲ್ಲ ಅವರಿಗೆ ಹೋಗುತ್ತವೆ. ಆಮೇಲೆ ಅವನು ತನ್ನ ಫೋನಿನಲ್ಲಿ ನಿಮ್ಮ ನಂಬರ್ ಹಾಕಿ ವಾಟ್ಸಾಪ್ ತೆರೆಯುತ್ತಾನೆ, ವಾಟ್ಸಾಪ್ ಕಳಿಸುವ ಓಟಿಪಿಯನ್ನು ಎಸ್ಸೆಮ್ಮೆಸ್ ಬದಲು ಕಾಲ್ ಮಾಡಿ ಹೇಳಿ ಅಂತ ಕೇಳುತ್ತಾನೆ, ಆ ಕಾಲ್ ಸೀದಾ ಅವನಿಗೇ ಬರುತ್ತದೆ. ಸ್ವಲ್ಪ ಹೊತ್ತಿಗೆ ನಿಮ್ಮ ತಂಗಿಗೆ, ಭಾವನಿಗೆ, ಆಫೀಸಿನವರಿಗೆಲ್ಲ "ಅರ್ಜೆಂಟ್ ದುಡ್ಡು ಬೇಕಿತ್ತು" ಅಂತ ನಿಮ್ಮ ಹೆಸರಲ್ಲೇ ಮೆಸೇಜ್.

ಮಿಕ್ಸಿ ವಿಷಯ ಅವನಿಗೆ ಹೇಗೆ ಗೊತ್ತಾಯಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಗೊತ್ತಿರಬೇಕಾಗಿಯೇ ಇಲ್ಲ. ಸೇಲ್ ಸಮಯದಲ್ಲಿ ಯಾರಿಗೆ ಫೋನ್ ಮಾಡಿದರೂ ಅವರ ಮನೆಗೆ ಏನೋ ಒಂದು ಬರುವುದಿರುತ್ತದೆ, ಮಿಕ್ಕಿದ್ದನ್ನು ನಾವೇ ಬಾಯಿಬಿಟ್ಟು ಹೇಳುತ್ತೇವೆ. ಡೆಲಿವರಿ ಓಟಿಪಿ ಅಂತ ನಿಜವಾಗಿಯೂ ಇದೆ, ಬೆಲೆಬಾಳುವ ವಸ್ತುಗಳಿಗೆ ಕೇಳುತ್ತಾರೆ. ಅದನ್ನು ಬಾಗಿಲಲ್ಲಿ ಡಬ್ಬ ನೋಡಿಕೊಂಡು ಹೇಳಿ, ಫೋನಿನಲ್ಲಿ ಬೇಡ. ಯಾರಾದರೂ ಈಗಾಗಲೇ ಆ ಕೋಡ್ ಡಯಲ್ ಮಾಡಿದ್ದರೆ ##002# ಒತ್ತಲಿ, ಫಾರ್ವರ್ಡಿಂಗ್ ಎಲ್ಲ ರದ್ದಾಗುತ್ತದೆ. ವಾಟ್ಸಾಪ್ ಸೆಟ್ಟಿಂಗ್ಸ್‌ನಲ್ಲಿ ಟೂ-ಸ್ಟೆಪ್ ವೆರಿಫಿಕೇಶನ್ ಅಂತಿದೆ, ಅಲ್ಲಿ ಆರಂಕಿಯ ಪಿನ್ ಇಟ್ಟುಬಿಡಿ.

ಪ್ರಶ್ನೆ: ಫ್ಯಾಮಿಲಿ ಗ್ರೂಪ್‌ನಲ್ಲಿ ಆಫರ್ ಲಿಂಕ್‌ಗಳ ಸುರಿಮಳೆ. ಅಸಲಿ ಯಾವುದು, ನಕಲಿ ಯಾವುದು ಹೇಗೆ ತಿಳಿಯೋದು? ಬೀಗದ ಗುರುತು ಇದ್ದರೆ ಸಾಕಾ?
– ವಿದ್ಯಾರ್ಥಿ, ಹಾಸನ

ಉತ್ತರ: ಸಾಲದು. ಆ ಬೀಗ ನಕಲಿ ಸೈಟಿಗೂ ಪುಕ್ಕಟೆ ಸಿಗುತ್ತದೆ. ವಿಳಾಸ ಓದಿ. "ದೊಡ್ಡಂಗಡಿ ಡಾಟ್ ಹಬ್ಬದಾಫರ್ ಡಾಟ್ ಕಾಮ್" ಅಂತಿದ್ದರೆ ಅದು ದೊಡ್ಡಂಗಡಿಯದಲ್ಲ, ಕೊನೆಯ ಡಾಟ್ ಕಾಮ್‌ಗೆ ಅಂಟಿಕೊಂಡಿರುವ ಹಬ್ಬದಾಫರ್‌ನವರದು. ಇಷ್ಟೆಲ್ಲ ಯಾಕೆ, ಲಿಂಕ್ ಒತ್ತಲೇಬೇಡಿ. ಆ ಬೆಲೆ ನಿಜವಾಗಿದ್ದರೆ ಕಂಪನಿಯ ಆ್ಯಪ್‌ನಲ್ಲೂ ಇರುತ್ತದೆ, ಅಲ್ವಾ? ಎಪಿಕೆ ಫೈಲ್, ಅಂದರೆ ಒತ್ತಿದರೆ ಫೋನಿಗೆ ಆ್ಯಪ್ ಹಾಕುವ ಫೈಲ್, ಕಳಿಸಿದರೆ ಮಾತ್ರ ನೋಡೋದೂ ಬೇಡ, ಡಿಲೀಟ್ ಮಾಡಿ.

ಪ್ರಶ್ನೆ: ನಮ್ಮ ಮಾವನವರು ಸೀರೆ ರಿಟರ್ನ್ ಮಾಡಲು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಿ ಫೋನ್ ಮಾಡಿದರು. ರಿಫಂಡ್ ಬರಬೇಕಾದರೆ ಪಿನ್ ಹಾಕಿ ಅಂದರಂತೆ. ಹಾಕಿದರು, ದುಡ್ಡು ಹೋಯಿತು. ವಾಪಸ್ ಬರುತ್ತಾ?
– ಓದುಗರು, ಶಿರಸಿ

ಉತ್ತರ: ಯುಪಿಐನಲ್ಲಿ ದುಡ್ಡು ಬರೋದಕ್ಕೆ ಪಿನ್ ಬೇಕಾಗಿಲ್ಲ, ಹೋಗೋದಕ್ಕೆ ಬೇಕು. ಇನ್ನು ಗೂಗಲ್‌ನಲ್ಲಿ ಸಿಗುವ ನಂಬರನ್ನು ಯಾರು ಬೇಕಾದರೂ ಹಾಕಿರಬಹುದು. ಆರ್ಡರ್ ಮಾಡಿದ ಆ್ಯಪ್‌ನ ಒಳಗೇ ಸಹಾಯದ ಜಾಗ ಇರುತ್ತದೆ, ಅಲ್ಲೇ ಕೇಳಬೇಕು.

ವಾಪಸ್ ಬರುತ್ತದೆ ಅಂತ ಸುಮ್ನೆ ಸಮಾಧಾನ ಹೇಳಲಾರೆ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟುತ್ತಿರುತ್ತದೆ, ನಡುವೆ ಸಿಕ್ಕಷ್ಟನ್ನು ತಡೆಹಿಡಿಯುತ್ತಾರೆ. ಅದಕ್ಕೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆ ಕ್ಷಣವೇ ಫೋನ್ ಮಾಡಬೇಕು. ಇನ್ನೂ ಮಾಡಿಲ್ಲದಿದ್ದರೆ ಇವತ್ತೇ ಮಾಡಿ, ಬ್ಯಾಂಕಿಗೆ ಬರವಣಿಗೆಯಲ್ಲೂ ದೂರು ಕೊಡಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಲ್ಲಿ ಹೇಳಿರುವುದು ಹೀಗೆ: ಗ್ರಾಹಕರೇ ಗುಟ್ಟಿನ ವಿವರ ಕೊಟ್ಟು ಕಳೆದುಕೊಂಡರೆ, ದೂರು ಕೊಡುವವರೆಗಿನ ನಷ್ಟ ಅವರದು, ದೂರು ಕೊಟ್ಟ ಮೇಲೂ ಹೋದರೆ ಅದು ಬ್ಯಾಂಕಿನದು. ಮಾವನವರನ್ನು ಬೈಯುತ್ತ ಕೂತರೆ ಅವರು ಮುಂದಿನ ಸಲ ಹೇಳದೆ ಮುಚ್ಚಿಡುತ್ತಾರೆ, ಅದು ಇನ್ನೂ ಕಷ್ಟ.

ಪ್ರಶ್ನೆ: ಆರ್ಡರ್ ಮಾಡದ ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಬಂದಿದೆ. "ಮನೇಲಿ ಯಾರೋ ಮಾಡಿರ್ತಾರೆ" ಅಂತಾನೆ ಹುಡುಗ.
– ಓದುಗರು, ತುಮಕೂರು

ಉತ್ತರ: ಮನೆಯವರಿಗೆ ಫೋನ್ ಮಾಡಿ ಕೇಳಿ. ಯಾರೂ ಮಾಡಿಲ್ಲ ಅಂದರೆ ದುಡ್ಡು ಕೊಡಬೇಡಿ, ವಾಪಸ್ ಕಳಿಸಿ. ಆ ಹುಡುಗನ ಮೇಲೆ ಕೂಗಾಡಬೇಡಿ, ಪಾಪ, ಅವನಿಗೂ ಒಳಗೇನಿದೆ ಗೊತ್ತಿರೋದಿಲ್ಲ. ನೀವೇ ಆರ್ಡರ್ ಮಾಡಿದ್ದಕ್ಕೆ ಬೇರೆ ಏನೋ ಬಂದು, ಅಂಗಡಿಯವರು ಕೈಯೆತ್ತಿದರೆ ಅದು ಬೇರೆ ಜಗಳ. ಅದಕ್ಕೆ 1915, ಗ್ರಾಹಕರ ಸಹಾಯವಾಣಿ.